ಗಣಕಯಂತ್ರದಲ್ಲಿ ಕಡತ ಹಾಗೂ ಕೋಶಗಳ ವ್ಯವಸ್ಥೆ: ಅರ್ಜಿದಾರರಿಗೆ ಮಾಹಿತಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳ ನಾಗರಿಕರು ಸೇವಾ ಸಿಂಧು ಮೊದಲಾದ ಜಾಲತಾಣಗಳಲ್ಲಿ ಮನೆಯಿಂದ ಅಥವಾ ಸೈಬರ್ ಕೇಂದ್ರದಿಂದ ಅರ್ಜಿ ಸಲ್ಲಿಸುವಾಗ ದಾಖಲೆಗಳನ್ನು ಗಣಕಯಂತ್ರದಿಂದ ಲಗತ್ತಿಸಬೇಕಾಗುತ್ತದೆ. ದಾಖಲೆ ಎಲ್ಲಿ ಉಳಿಯುತ್ತದೆ, ಹೇಗೆ ಸಿಗುತ್ತದೆ ಎಂಬುದನ್ನು ತಿಳಿದಿದ್ದಲ್ಲಿ ತಪ್ಪು ದಾಖಲೆ ಲಗತ್ತಾಗುವುದನ್ನೂ ಖಾಸಗಿ ದಾಖಲೆ ಅನ್ಯರ ಕೈ ಸೇರುವುದನ್ನೂ ತಡೆಯಬಹುದು.

1. ಕಡತ ಎಂದರೇನು?

ಹಿಂದೆ ಇದ್ದಿಲು ಹಾಗೂ ಹುಣಸೆಬೀಜದ ಸರಿಯನ್ನು ಬಳಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರಿತ್ತು. ಕಾಲಕ್ರಮದಲ್ಲಿ ಅದು ಕಛೇರಿಯ ಫೈಲಿಗೂ ಅನ್ವಯವಾಯಿತು. ಗಣಕಯಂತ್ರದಲ್ಲಿ ಒಂದು ಹೆಸರಿನಡಿ ಸಂಗ್ರಹಿಸಲಾದ ಪತ್ರ, ಭಾವಚಿತ್ರ ಅಥವಾ ಸ್ಕ್ಯಾನ್ ಪ್ರತಿಯೇ ಕಡತ.

2. ಕೋಶ ಮತ್ತು ಪಥ

ಕಡತಗಳನ್ನು ಒಳಗೊಂಡಿರುವುದು ಕೋಶ, ಅಂದರೆ ಫೋಲ್ಡರ್. ಕೋಶದೊಳಗೆ ಮತ್ತೊಂದು ಕೋಶವಿರಬಹುದು. ದಾಖಲೆ ಕೊಠಡಿ, ಅದರೊಳಗಿನ ಬೀರು, ಬೀರುವಿನ ಕಟ್ಟು, ಕಟ್ಟಿನೊಳಗಿನ ಫೈಲು ಎಂಬ ಕ್ರಮವೇ ಇಲ್ಲಿಯೂ ಇದೆ. ಈ ಕ್ರಮವನ್ನು ಬರೆದು ತೋರಿಸುವುದಕ್ಕೆ ಪಥ ಎನ್ನುತ್ತಾರೆ. ಉದಾಹರಣೆಗೆ: ದಾಖಲೆಗಳು\ಕೆಂಗೇರಿ\ಪಹಣಿ. ವಿಂಡೋಸ್‌ನಲ್ಲಿ \ ಗೆರೆಯನ್ನೂ ಲಿನಕ್ಸ್‌ನಲ್ಲಿ / ಗೆರೆಯನ್ನೂ ಬಳಸಲಾಗುತ್ತದೆ.

3. ಕಡತ ಸಿಗುವ ಬಗೆ

ಡಿಸ್ಕನ್ನು ಸಣ್ಣ ಭಾಗಗಳಾಗಿ, ಸಾಮಾನ್ಯವಾಗಿ ತಲಾ 4 ಕಿಲೋಬೈಟ್‌ನಂತೆ, ವಿಂಗಡಿಸಲಾಗಿರುತ್ತದೆ. ಒಂದು ಕಡತವು ಇಂತಹ ಅನೇಕ ಭಾಗಗಳಲ್ಲಿ ಹಂಚಿಕೊಂಡಿರಬಹುದು. ಯಾವ ಹೆಸರಿನ ಕಡತದ ಭಾಗಗಳು ಎಲ್ಲೆಲ್ಲಿವೆ ಎಂಬುದನ್ನು ಕಾರ್ಯಾಚರಣಾ ವ್ಯವಸ್ಥೆಯು ವಹಿಯಂತೆ ನಮೂದಿಸಿಕೊಂಡಿರುತ್ತದೆ. ಹೆಸರು ಬದಲಿಸಿದಾಗ ಅಥವಾ ಅದೇ ಡ್ರೈವಿನ ಬೇರೆ ಕೋಶಕ್ಕೆ ಸ್ಥಳಾಂತರಿಸಿದಾಗ ಈ ನಮೂದು ಮಾತ್ರ ಬದಲಾಗುತ್ತದೆ. ಆದುದರಿಂದಲೇ ದೊಡ್ಡ ಕಡತವೂ ಕ್ಷಣದಲ್ಲಿ ಸ್ಥಳಾಂತರಗೊಳ್ಳುತ್ತದೆ. ಪೆನ್ ಡ್ರೈವ್‌ಗೆ ಒಯ್ಯುವಾಗ ಕಡತವನ್ನು ಪೂರ್ಣವಾಗಿ ನಕಲು ಮಾಡಬೇಕಾಗುವುದರಿಂದ ಸಮಯ ಹಿಡಿಯುತ್ತದೆ.

4. ಹೆಸರಿಡುವಾಗ ಗಮನಿಸಬೇಕಾದ ಅಂಶಗಳು

ಅ) ವಿಂಡೋಸ್‌ನಲ್ಲಿ \ / : * ? " < > | ಚಿಹ್ನೆಗಳು ಕಡತದ ಹೆಸರಿನಲ್ಲಿ ಬರುವಂತಿಲ್ಲ. ಸರ್ವೆ ನಂಬರ್ 45/2 ಎಂಬುದನ್ನು 45-2 ಎಂದು ಬರೆಯತಕ್ಕದ್ದು. ದಿನಾಂಕಕ್ಕೂ ಇದೇ ಕ್ರಮ.

ಆ) ಕಡತದ ಹೆಸರಿನಲ್ಲಿ ಅಕ್ಷರಗಳ ಸಂಕೇತವಷ್ಟೇ ಉಳಿಯುತ್ತದೆ, ಫಾಂಟ್ ಉಳಿಯುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ನುಡಿ ವಿನ್ಯಾಸದಲ್ಲಿ ಟೈಪಿಸಿದ ಹೆಸರು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಹೆಸರನ್ನು ಯೂನಿಕೋಡ್‌ನಲ್ಲಿಯೇ ಬರೆಯುವುದು ಸೂಕ್ತ.

ಇ) ಲಿನಕ್ಸ್‌ನಲ್ಲಿ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಕಾಗುಣಿತದ ಚಿಹ್ನೆಯೂ ಪ್ರತ್ಯೇಕ ಸಂಕೇತವೇ. "ರಾಜಾಜಿನಗರ" ಎಂಬುದರಲ್ಲಿ 9 ಸಂಕೇತಗಳಿದ್ದು, 27 ಬೈಟ್ ಆಗುತ್ತದೆ. ಆದ್ದರಿಂದ ಹೆಸರು ಚಿಕ್ಕದಾಗಿರಲಿ.

5. ವಿಸ್ತರಣೆ

ಹೆಸರಿನ ಕೊನೆಯ ಚುಕ್ಕೆಯ ನಂತರ ಬರುವ ಪಿಡಿಎಫ್, ಜೆಪಿಜಿ ಮುಂತಾದವು ಕಡತದ ಬಗೆಯನ್ನು ಸೂಚಿಸುತ್ತವೆ. ಜೆಪಿಜಿ ಎಂಬುದನ್ನು ಪಿಡಿಎಫ್ ಎಂದು ತಿದ್ದಿದ ಮಾತ್ರಕ್ಕೆ ಒಳಗಿನ ದಾಖಲೆ ಪಿಡಿಎಫ್ ಆಗುವುದಿಲ್ಲ. ಅದು ತೆರೆಯದೆ ಹೋಗಬಹುದು. ಸೂಕ್ತ ತಂತ್ರಾಂಶದಿಂದ ಪರಿವರ್ತಿಸತಕ್ಕದ್ದು.

6. ಸೈಬರ್ ಕೇಂದ್ರ ಬಳಸುವವರ ಗಮನಕ್ಕೆ

ಜಾಲತಾಣದಿಂದ ಪಡೆದ ಪಹಣಿ, ಪ್ರಮಾಣಪತ್ರ ಅಥವಾ ಆಧಾರ್ ಪ್ರತಿಯು ಸಾಮಾನ್ಯವಾಗಿ "ಡೌನ್‌ಲೋಡ್ಸ್" ಕೋಶದಲ್ಲಿ ಉಳಿಯುತ್ತದೆ. ಮುದ್ರಿಸಿಕೊಂಡು ಹೊರಟರೂ ಪ್ರತಿಯು ಅಲ್ಲಿಯೇ ಇರುತ್ತದೆ. ವಿಂಡೋಸ್‌ನಲ್ಲಿ ಅಳಿಸಿದ ಕಡತವು ಮೊದಲು ರಿಸೈಕಲ್ ಬಿನ್‌ಗೆ ಹೋಗುವುದರಿಂದ ಅದನ್ನೂ ಖಾಲಿ ಮಾಡತಕ್ಕದ್ದು. ಆಗಲೂ ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ವಹಿಯ ನಮೂದು ಮಾತ್ರ ತೆಗೆದುಹೋಗಿ, ಆ ಜಾಗದಲ್ಲಿ ಬೇರೆ ಮಾಹಿತಿ ಬರೆಯುವವರೆಗೆ ಒಳವಿಷಯ ಉಳಿದಿರುತ್ತದೆ. ಆದುದರಿಂದ ಖಾಸಗಿ ದಾಖಲೆಗಳನ್ನು ಸಾಧ್ಯವಾದಷ್ಟೂ ಸ್ವಂತ ಪೆನ್ ಡ್ರೈವ್‌ನಿಂದ ನೇರವಾಗಿ ಲಗತ್ತಿಸುವುದು ಉತ್ತಮ.

ಇದೇ ಕಾರಣದಿಂದ, ಕಣ್ತಪ್ಪಿನಿಂದ ಪೆನ್ ಡ್ರೈವ್‌ನಲ್ಲಿದ್ದ ದಾಖಲೆ ಅಳಿಸಿಹೋದಲ್ಲಿ ಅದರಲ್ಲಿ ಹೊಸದಾಗಿ ಏನನ್ನೂ ಉಳಿಸಬಾರದು. ಕೂಡಲೇ ಪರಿಣತರಿಗೆ ನೀಡಿದಲ್ಲಿ ಮರಳಿ ಪಡೆಯುವ ಸಾಧ್ಯತೆಯಿರುತ್ತದೆ.

7. ಸಲ್ಲಿಸುವ ಮುನ್ನ

ಪ್ರತಿ ಅರ್ಜಿಗೆ ಪ್ರತ್ಯೇಕ ಕೋಶ ತೆರೆದು, ದಾಖಲೆಗಳನ್ನೂ ಸ್ವೀಕೃತಿ ಪತ್ರವನ್ನೂ ಅದರಲ್ಲಿ ಇರಿಸತಕ್ಕದ್ದು. ಲಗತ್ತಿಸುವ ಪ್ರತಿಯೊಂದು ಕಡತವನ್ನು ತೆರೆದು ನೋಡಿ, ಅರ್ಜಿಯಲ್ಲಿ ಕೇಳಿರುವ ದಾಖಲೆಯೇ ಹೌದೆಂದು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.