ತಳಪದೆಯ ಮಾದರಿಗಳು, ಥರ್ಮೊಕೋಲಿನ ರೆಕ್ಕೆಗಳು

ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣ ನಮ್ಮ ಓದುಗರಲ್ಲಿ ಹಲವರಿಗೆ ಚಿರಪರಿಚಿತ. ಕನ್ನಡ ವಿಭಾಗವಿರುವ ರಾನಡೆ ಭವನ ಅಲ್ಲಿಯೇ ಇದೆ. ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳಿಂದ ಅದು ಬಹಳ ದೂರವೇನೂ ಇಲ್ಲ. 2015ರ ಜನವರಿಯ ಮೊದಲ ವಾರ ಇದೇ ಆವರಣದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 102ನೆಯ ಅಧಿವೇಶನ ನೆರೆದಿತ್ತು. ಜನವರಿ 4ರಂದು ಸಂಸ್ಕೃತ ಮತ್ತು ಪ್ರಾಚೀನ ವಿಜ್ಞಾನಗಳ ಗೋಷ್ಠಿಯಲ್ಲಿ ನಿವೃತ್ತ ವೈಮಾನಿಕ ಶಿಕ್ಷಕ ಆನಂದ ಬೋಡಸ್ ಮತ್ತು ಅಮೇಯ ಜಾಧವ್ ಎಂಬವರು ಪ್ರಾಚೀನ ಭಾರತದ ವಿಮಾನವಿದ್ಯೆಯ ಕುರಿತು ಪ್ರಬಂಧ ಮಂಡಿಸಿದರು. ಅದಕ್ಕೆ ಮುಖ್ಯ ಆಧಾರವಾಗಿದ್ದುದು 'ವೈಮಾನಿಕ ಶಾಸ್ತ್ರ' ಎಂಬ ಗ್ರಂಥ. ದೇಶವಿದೇಶಗಳಲ್ಲಿ ಗದ್ದಲವೆದ್ದಿತು. ಅದೇ ತಿಂಗಳ ಕೊನೆಗೆ 'ಹವಾಯ್‌ಜಾದಾ' ಎಂಬ ಹಿಂದಿ ಚಲನಚಿತ್ರ ತೆರೆಗೆ ಬಂದು, ಶಿವಕರ ಬಾಪೂಜಿ ತಳಪದೆಯವರ ಹೆಸರು ಮನೆಮಾತಾಯಿತು.

ಆ ಗದ್ದಲದಲ್ಲಿ ಒಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಈ ಕಥೆಯ ಒಂದು ತುದಿ ಮುಂಬಯಿಯ ಚೀರಾ ಬಜಾರಿನಲ್ಲಿದ್ದರೆ ಇನ್ನೊಂದು ತುದಿ ಬೆಂಗಳೂರಿನ ಬಳಿಯ ಆನೇಕಲ್ಲಿನಲ್ಲಿದೆ. ನಡುವೆ ಇದ್ದದ್ದು ದೇವವಿಮಾನವೂ ಅಲ್ಲ, ಮನುಷ್ಯನನ್ನು ಹೊತ್ತ ಯಂತ್ರವೂ ಅಲ್ಲ. ಮನೆಯಲ್ಲಿ ಕಟ್ಟಿದ ಕೆಲವು ಮಾದರಿಗಳು. ಇಂದು ಹುಡುಗರು ಥರ್ಮೊಕೋಲ್ ಹಾಳೆ ಕತ್ತರಿಸಿ ರೇಡಿಯೊ ನಿಯಂತ್ರಿತ ವಿಮಾನ ಮಾಡುತ್ತಾರಲ್ಲ, ಆ ಕುಲಕ್ಕೆ ಸೇರಬೇಕಾದವು ಅವು. ತಳಪದೆಯವರನ್ನು ಈ ಕುಲದ ಹಿರಿಯರಾಗಿ ನೋಡುವುದೇ ಅವರಿಗೆ ಸಲ್ಲಿಸಬಹುದಾದ ನ್ಯಾಯವೆಂದು ನನಗೆ ತೋರುತ್ತದೆ.

ಪ್ರಚಲಿತ ಕಥೆ ಇಷ್ಟು: 1864ರಲ್ಲಿ ಹುಟ್ಟಿದ ತಳಪದೆ ಪಾಠಾರೆ ಪ್ರಭು ಸಮಾಜದವರು, ಸಂಸ್ಕೃತದಲ್ಲಿಯೂ ವೇದವಾಙ್ಮಯದಲ್ಲಿಯೂ ಆಸಕ್ತರು, 1895ರಲ್ಲಿ ಚೌಪಾಟಿಯ ಮರಳಿನ ಮೇಲಿಂದ 'ಮರುತ್ಸಖಾ' ಎಂಬ ಚಾಲಕರಹಿತ ವಿಮಾನವನ್ನು 1500 ಅಡಿ ಎತ್ತರಕ್ಕೆ ಹಾರಿಸಿದರು, ನ್ಯಾಯಮೂರ್ತಿ ರಾನಡೆಯವರೂ ಬರೋಡೆಯ ಸಯಾಜಿರಾವ್ ಗಾಯಕವಾಡರೂ ಅದನ್ನು ಕಣ್ಣಾರೆ ಕಂಡರು, 'ಕೇಸರಿ' ಪತ್ರಿಕೆಯಲ್ಲಿ ವರದಿ ಬಂದಿತು. ಹೇಳುವವರು ಬಹಳ; ಆ ದಿನದ ವರದಿಯ ಪ್ರತಿಯನ್ನು ಮುಂದಿಟ್ಟವರು ಇಲ್ಲ. ಛಾಯಾಚಿತ್ರವಿಲ್ಲ, ನಕ್ಷೆಯಿಲ್ಲ, ಯಂತ್ರದ ಒಂದು ಮೊಳೆಯೂ ಇಲ್ಲ.

ಆನೇಕಲ್ಲಿನ ತುದಿ ಇದಕ್ಕಿಂತ ಸ್ಪಷ್ಟವಾಗಿದೆ. ಪಂಡಿತ ಸುಬ್ಬರಾಯ ಶಾಸ್ತ್ರಿಗಳು 'ವೈಮಾನಿಕ ಶಾಸ್ತ್ರ'ವನ್ನು ಬಾಯಿಂದ ಹೇಳಿ ಬರೆಸಿದ್ದು 1918ರಿಂದ 1923ರ ನಡುವೆ, ಬರೆದುಕೊಂಡವರು ಜಿ. ವೆಂಕಟಾಚಲ ಶರ್ಮ. ಚಿತ್ರಗಳನ್ನು ಬರೆದವರು ಬೆಂಗಳೂರಿನ ಟಿ. ಕೆ. ಎಲ್ಲಪ್ಪ ಎಂಬ ನಕ್ಷೆಗಾರರು. ಮೈಸೂರಿನ ಜಿ. ಆರ್. ಜೋಸ್ಯರ್ ಅದರ ಇಂಗ್ಲಿಷ್ ಅನುವಾದವನ್ನು 1973ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು, ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು, ಆ ಗ್ರಂಥವನ್ನು ಓದಿ ಪರೀಕ್ಷಿಸಿ ಲೇಖನ ಬರೆದರು. ಭಾಷೆ ವೈದಿಕವಲ್ಲ, ಆಧುನಿಕ ಸಂಸ್ಕೃತ. ಕೃತಿ 1904ಕ್ಕಿಂತ ಹಿಂದಿನದಲ್ಲ. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳಲ್ಲಿ ಯಾವುದಕ್ಕೂ ಹಾರುವ ಗುಣವಿಲ್ಲ ಎಂಬುದು ಅವರ ನಿರ್ಣಯ. ಅಪಹಾಸ್ಯ ಮಾಡಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಅವರು ಹಾಗೆ ಮಾಡದೆ, ಶಾಸ್ತ್ರಿಗಳ ಆತ್ಮಕಥನವನ್ನೂ ಅವರನ್ನು ಬಲ್ಲವರ ಮಾತನ್ನೂ ಕಲೆಹಾಕಿದರು. ಅಲ್ಲಿಯೇ ನಮಗೆ ಬೇಕಾದ ಮಾಹಿತಿ ದೊರೆಯುತ್ತದೆ: ಶಾಸ್ತ್ರಿಗಳು ಮುಂಬಯಿಗೆ ಹೋಗಿಬರುತ್ತಿದ್ದರು; ಅವರ ಮಾರ್ಗದರ್ಶನದಲ್ಲಿ ತಳಪದೆಯವರು ಮಾದರಿಗಳನ್ನು ಮಾಡಿ ನೋಡಿದರು; ಅವುಗಳಲ್ಲಿ ಒಂದೂ ಹಾರಲಿಲ್ಲ.

ಇದರಿಂದ ಇನ್ನೊಂದು ಗಂಟೂ ಬಿಚ್ಚುತ್ತದೆ. 1918ರಲ್ಲಿ ಬರೆಸತೊಡಗಿದ ಗ್ರಂಥವನ್ನು ನೋಡಿ 1895ರಲ್ಲಿ ವಿಮಾನ ಕಟ್ಟಲು ಬಾರದು. ಆ ವೇಳೆಗೆ ತಳಪದೆ ತೀರಿಕೊಂಡೂ ಆಗಿತ್ತು. ಗ್ರಂಥವೂ ಚೌಪಾಟಿಯೂ ಒಂದೇ ಕಥೆಯಲ್ಲಿ ಬೆಸೆದುಕೊಂಡಿರುವುದು ನಂತರದವರ ಕೈಚಳಕ.

ಹಾರದ ಮಾದರಿ ಅವಮಾನದ ವಿಷಯವೆ? ಆ ಕಾಲದ ಬೇರೆಡೆಯ ಮಾದರಿಗಾರರನ್ನು ನೋಡೋಣ. 1871ರಲ್ಲಿ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ರಬ್ಬರ್ ಸುರುಳಿಯ ಬಲದಿಂದ ತಿರುಗುವ ಪುಟ್ಟ ವಿಮಾನವನ್ನು 11 ಸೆಕೆಂಡುಗಳ ಕಾಲ, ಸುಮಾರು 40 ಮೀಟರು ಹಾರಿಸಿ ತೋರಿಸಿದನು. ತಾನೇ ತಾನಾಗಿ ಸಮತೋಲ ಕಾಯ್ದುಕೊಂಡ ಮೊದಲ ಮಾದರಿಯೆಂದು ಅದನ್ನು ಗಣಿಸುತ್ತಾರೆ. 1878ರಲ್ಲಿ ರೈಟ್ ಸೋದರರಿಗೆ ತಂದೆ ತಂದುಕೊಟ್ಟ ಆಟಿಕೆ, ಬೆಂಡು ಬಿದಿರು ಕಾಗದಗಳಿಂದ ಮಾಡಿದ ಹಾರುಬುಗುರಿ, ಪೆನೋನ ಇನ್ನೊಂದು ಕಲ್ಪನೆಯ ಕೂಸು. ಪೆನೋ ಮಾತ್ರ ತನ್ನ ದೊಡ್ಡ ವಿಮಾನದ ಯೋಜನೆಗೆ ಯಾರೂ ಕಿವಿಗೊಡದೆ 1880ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡನು.

ಚೌಪಾಟಿಯ ಕಥೆಗೆ ನೇರ ಹೋಲಿಕೆಯಾಗುವುದು ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಪ್ರಯೋಗ. 1896ರ ಮೇ 6ರಂದು ಪೊಟೊಮ್ಯಾಕ್ ನದಿಯ ಮೇಲೆ ಅವನ ಐದನೆಯ ಮಾದರಿ, ಚಾಲಕನಿಲ್ಲದೆ, ಸಣ್ಣದೊಂದು ಉಗಿಯಂತ್ರದ ಬಲದಿಂದ ಸುಮಾರು ಒಂದು ಕಿಲೋಮೀಟರು ಹಾರಿತು. ನಾಲ್ಕು ಮೀಟರಿನಷ್ಟು ಅಗಲದ ರೆಕ್ಕೆ, ಹನ್ನೊಂದು ಕಿಲೋ ತೂಕ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಚಿತ್ರ ತೆಗೆದನು, ಕಂಡದ್ದನ್ನು ಬರೆದು ಪ್ರಕಟಿಸಿದನು. ಆ ಯಂತ್ರ ಈಗಲೂ ಉಳಿದಿದೆ. ಇದಕ್ಕೆ ಮುನ್ನ ಲ್ಯಾಂಗ್ಲಿ ವರ್ಷಗಟ್ಟಲೆ ಮಾದರಿಗಳನ್ನು ಮಾಡಿ ಮುರಿದಿದ್ದನು; ಆ ಸೋಲುಗಳ ದಾಖಲೆಯನ್ನೂ ಇಟ್ಟಿದ್ದನು. ತಳಪದೆಯವರ ಸೋಲುಗಳ ದಾಖಲೆ ನಮ್ಮಲ್ಲಿ ಇದ್ದಿದ್ದರೆ! 1500 ಅಡಿಯ ದಂತಕಥೆಗಿಂತ, ಎಲ್ಲಿ ಬಾಗಿತು, ಎಲ್ಲಿ ಮುರಿಯಿತು ಎಂದು ಅವರೇ ಗೀಚಿಟ್ಟ ಒಂದು ಹಾಳೆ ಹೆಚ್ಚು ಬೆಲೆಬಾಳುತ್ತಿತ್ತು.

ಅವರ ಮಾದರಿ ಏಕೆ ಹಾರಲಿಲ್ಲವೆಂದು ಊಹಿಸುವುದಕ್ಕೆ ಇಂದಿನ ಥರ್ಮೊಕೋಲಿನ ವಿಮಾನವೇ ಒಳ್ಳೆಯ ಗುರು. ಲೆಕ್ಕ ಹೈಸ್ಕೂಲಿನ ಮಟ್ಟದ್ದು. ಒಂದು ಮೀಟರು ಉದ್ದ, 20 ಸೆಂಟಿಮೀಟರು ಅಗಲದ ರೆಕ್ಕೆಯನ್ನು ತೆಗೆದುಕೊಳ್ಳಿ. ಮೋಟರು, ಬ್ಯಾಟರಿ ಎಲ್ಲ ಸೇರಿ ವಿಮಾನದ ತೂಕ ಅರ್ಧ ಕಿಲೋ ಇರಲಿ. ಆ ತೂಕವನ್ನು ಗಾಳಿ ಹೊರಬೇಕಾದರೆ ಗಂಟೆಗೆ ಸುಮಾರು 23 ಕಿಲೋಮೀಟರು ವೇಗ ಸಾಕು. ಜೋರಾಗಿ ಸೈಕಲ್ ತುಳಿಯುವವನ ವೇಗ ಅದು. ತೂಕ ನಾಲ್ಕು ಪಟ್ಟಾದರೆ ಬೇಕಾದ ವೇಗ ಎರಡು ಪಟ್ಟಾಗುತ್ತದೆ. ಆದರೆ ಬೇಕಾದ ಶಕ್ತಿ ಎಂಟು ಪಟ್ಟು ಏರುತ್ತದೆ. ಭಾರದ ಈ ಕ್ರೂರ ಗಣಿತದಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ತಳಪದೆಯವರ ಯಂತ್ರ ಪಾದರಸದಿಂದ ನಡೆಯುತ್ತಿತ್ತೆಂದು ಅಭಿಮಾನಿಗಳು ಹೇಳುವುದುಂಟು. ಪಾದರಸ ನೀರಿಗಿಂತ ಹದಿಮೂರೂವರೆ ಪಟ್ಟು ಭಾರ. ಒಂದು ಲೋಟ ಪಾದರಸದ ತೂಕದಲ್ಲಿ ಇಂತಹ ಐದಾರು ವಿಮಾನಗಳು ಎದ್ದೇಳುತ್ತವೆ.

ಎರಡನೆಯದು ತೂಕ ಎಲ್ಲಿ ಕೂಡಬೇಕೆಂಬ ಪ್ರಶ್ನೆ. ರೆಕ್ಕೆಯ ಮುಂಅಂಚಿನಿಂದ ಅಗಲದ ಕಾಲುಭಾಗದಷ್ಟು ಹಿಂದೆ, ನಮ್ಮ ಉದಾಹರಣೆಯಲ್ಲಿ ಐದು ಸೆಂಟಿಮೀಟರಿಗೆ, ಎರಡು ಬೆರಳ ತುದಿಯಿಟ್ಟು ಎತ್ತಿದಾಗ ವಿಮಾನ ಸಮನಾಗಿ ನಿಲ್ಲಬೇಕು. ಮೂಗು ಕೊಂಚ ಭಾರವಾಗಿದ್ದರೆ ಅದು ಬೇಗ ನೆಲ ಸೇರೀತು, ಅಷ್ಟೆ; ಬಾಲ ಭಾರವಾಗಿದ್ದರೆ ಮೇಲಕ್ಕೆ ನೆಗೆದು, ವೇಗ ಕಳೆದುಕೊಂಡು, ತಲೆಕೆಳಗಾಗಿ ಬೀಳುತ್ತದೆ. ಆದ್ದರಿಂದಲೇ ಬಲ್ಲವರು ಬ್ಯಾಟರಿಯನ್ನು ಕೊನೆಗೆ ಅಂಟಿಸುತ್ತಾರೆ, ಹಿಂದೆ ಮುಂದೆ ಸರಿಸಿ ತೂಕ ಸರಿಹೊಂದಿಸುತ್ತಾರೆ. ಮೋಟರು ಚಾಲೂ ಮಾಡುವ ಮುನ್ನ ಹುಲ್ಲಿನ ಮೇಲೆ ಬರಿಗೈಯಲ್ಲಿ ತೇಲಿಬಿಟ್ಟು ನೋಡುತ್ತಾರೆ. ರೆಕ್ಕೆಯ ಎರಡೂ ತುದಿಗಳನ್ನು ಕೊಂಚ ಮೇಲಕ್ಕೆ ಬಾಗಿಸಿದರೆ, ವಾಲಿದ ವಿಮಾನ ತಾನಾಗಿ ನೇರವಾಗುತ್ತದೆ. ಪೆನೋ ಕಂಡುಕೊಂಡದ್ದು ಇದನ್ನೇ: ಬಾಲವೆಂದರೆ ಅಲಂಕಾರವಲ್ಲ, ಅದು ಸಮತೋಲದ ಅಂಗ. ಎಲ್ಲಪ್ಪನವರ ಚಿತ್ರಗಳಲ್ಲಿ ಮಹಡಿಯ ಮೇಲೆ ಮಹಡಿ ಇದೆ, ಗೋಪುರವಿದೆ. ಗಾಳಿಗೆ ಒಡ್ಡಿಕೊಳ್ಳಬಲ್ಲ ರೆಕ್ಕೆಯನ್ನು ಮಾತ್ರ ಹುಡುಕಬೇಕು. ಅವು ವಾಸ್ತುವಿನ ಕಲ್ಪನೆಗಳು. ರಥ ಮತ್ತು ದೇಗುಲಗಳ ನೆನಪಿನಿಂದ ಹುಟ್ಟಿದವು. ನಮ್ಮ ಭಾಷೆಗಳಲ್ಲಿ ಗರ್ಭಗುಡಿಯ ಮೇಲಣ ಗೋಪುರಕ್ಕೂ 'ವಿಮಾನ'ವೆಂದೇ ಹೆಸರಲ್ಲವೆ!

ವಸ್ತುವಿನ ವಿಷಯಕ್ಕೆ ಬರೋಣ. ಹಳೆಯ ಮಾದರಿಗಾರರು ಬಿದಿರು, ರೇಷ್ಮೆ, ಅನಂತರ ಬಾಲ್ಸಾ ಮರವನ್ನು ಅವಲಂಬಿಸಿದ್ದರು. ಒಂದು ಘನ ಮೀಟರು ಬಾಲ್ಸಾ ಸುಮಾರು 160 ಕಿಲೋ ತೂಗುತ್ತದೆ; ಥರ್ಮೊಕೋಲ್ 15ರಿಂದ 20 ಕಿಲೋ. ಬಾಲ್ಸಾದಲ್ಲಿ ಇಡಿಯ ರೆಕ್ಕೆಯನ್ನು ಕೆತ್ತಿದರೆ ತೂಕ ಹೆಚ್ಚಾಗುತ್ತದೆಂದು ಪಕ್ಕೆಲುಬಿನಂತಹ ಚೌಕಟ್ಟು ಕಟ್ಟಿ ಮೇಲೆ ತೆಳು ಕಾಗದ ಹೊದಿಸಬೇಕಿತ್ತು. ಅದಕ್ಕೆ ವಾರಗಟ್ಟಲೆ ಕೈಕೆಲಸ. ಥರ್ಮೊಕೋಲಿನಲ್ಲಿ ನಾವು ಮೇಲೆ ಹೇಳಿದ ರೆಕ್ಕೆಯನ್ನು ಇಡಿಯಾಗಿ ಕತ್ತರಿಸಿದರೂ 80 ಗ್ರಾಂ ದಾಟದು. ಕಾಯಿಸಿದ ತಂತಿಯಿಂದ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಅಂಟಿಸುವಾಗ ಮಾತ್ರ ಎಚ್ಚರ ಬೇಕು: ಥಟ್ಟನೆ ಒಣಗುವ ಸಾಮಾನ್ಯ ಅಂಟುಗಳು ಥರ್ಮೊಕೋಲನ್ನು ಕರಗಿಸಿಬಿಡುತ್ತವೆ, ಇದೇ ಮುಂಬಯಿಯಲ್ಲಿ 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ನಿಧಾನವಾದರೂ ನಂಬಿಗಸ್ತ. ನಮ್ಮ ಊರುಗಳಲ್ಲಿ ಮದುವೆಯ ಬಾಸಿಂಗಕ್ಕೆ ಬೆಂಡು ಕತ್ತರಿಸುವವರ ಕೈ ಕಂಡವರಿಗೆ ಈ ವಿದ್ಯೆ ಹೊಸದೆನಿಸದು. ಬೆಂಡೇ ರಾಸಾಯನಿಕ ರೂಪ ತಾಳಿ ಬಂದಿದೆ.

ಮುಂಬಯಿಯಲ್ಲಿ ಥರ್ಮೊಕೋಲ್ ಎಂದರೆ ಗಣಪತಿಯ ಮಖರ. ಹಬ್ಬ ಮುಗಿದ ಮೇಲೆ ಬೀದಿಗೆ ಬೀಳುತ್ತಿದ್ದ ಆ ಮಂಟಪಗಳೇ ಎಷ್ಟೋ ಹುಡುಗರ ವಿಮಾನಗಳಿಗೆ ಕಚ್ಚಾವಸ್ತು. ಮಹಾರಾಷ್ಟ್ರ ಸರಕಾರ 2018ರ ಮಾರ್ಚಿನಲ್ಲಿ ಪ್ಲಾಸ್ಟಿಕ್ಕಿನೊಂದಿಗೆ ಥರ್ಮೊಕೋಲಿನ ತಟ್ಟೆಲೋಟ, ಅಲಂಕಾರಗಳನ್ನೂ ನಿಷೇಧಿಸಿತು. ಆ ವರ್ಷದ ಹಬ್ಬಕ್ಕೆ ವಿನಾಯಿತಿ ಬೇಡಿದ ತಯಾರಕರಿಗೆ ಉಚ್ಚ ನ್ಯಾಯಾಲಯದಲ್ಲಿಯೂ ಪರಿಹಾರ ಸಿಗಲಿಲ್ಲ. ಸಮುದ್ರದ ದೃಷ್ಟಿಯಿಂದ ಅದು ಸರಿಯೇ. ವಿಮಾನ ಕಟ್ಟುವವರಿಗೆ ಉಳಿದಿರುವುದು ಫ್ರಿಜ್, ಟಿ.ವಿ.ಗಳ ಪೆಟ್ಟಿಗೆಯೊಳಗಿನ ತುಣುಕುಗಳು, ಜಾಹೀರಾತು ಫಲಕದ ತುಸು ಭಾರದ ಸನ್‌ಬೋರ್ಡು.

ರೇಡಿಯೊ ನಿಯಂತ್ರಣದ ಇತಿಹಾಸ ಬೇರೆಯದೇ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ದೋಣಿ ನಡೆಸಿ ತೋರಿಸಿದನು. ಮಿಶಿಗನ್ನಿನ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು 1930ರ ದಶಕದಲ್ಲಿ ತಮ್ಮ 'ಗಫ್' ವಿಮಾನವನ್ನು ರೇಡಿಯೊದಿಂದ ತಿರುಗಿಸಿದರು. ನಮ್ಮಲ್ಲಿ 1933ರ ನಿಸ್ತಂತು ಕಾಯಿದೆಯ ನೆರಳು ಬಹುಕಾಲ ಇಂತಹ ಉಪಕರಣಗಳ ಮೇಲಿತ್ತು. 2005ರಲ್ಲಿ ಕೇಂದ್ರ ಸರಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಅಲ್ಪಶಕ್ತಿಯ ಉಪಕರಣಗಳಿಗೆ ಪರವಾನಗಿಯ ಅಗತ್ಯವಿಲ್ಲವೆಂದಿತು. ಮನೆಯ ವೈ-ಫೈ ಹರಡಿದ್ದು ಇದರಿಂದ. ಆಟಿಕೆ ವಿಮಾನದ ರೇಡಿಯೊವೂ ಇದರ ಬೆನ್ನೇರಿಯೇ ಬಂದಿತು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಒಂಬತ್ತು ಗ್ರಾಂ ತೂಕದ ಸರ್ವೊ ಮೋಟರು ಇಂದು ಎರಡು ಊಟದ ಬೆಲೆಗೆ ಸಿಗುತ್ತದೆ. ತಳಪದೆಯವರು ಎಂಜಿನ್ನಿಗಾಗಿ ಹುಡುಕಾಡಿದ ಊರು ಇದೇ ಎಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ.

ಮುಂಬಯಿಯ ಹಣ, ಮೈಸೂರಿನ ನೆಲ ಕೂಡಿ ವಿಮಾನ ಹಾರಿದ ಇನ್ನೊಂದು ಪ್ರಸಂಗವನ್ನು ಇಲ್ಲಿ ಮರೆಯಬಾರದು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರೂ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಮೈಸೂರು ಸರಕಾರವೂ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಸ್ಥಾಪಿಸಿದರು. ಅಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಶಾಸ್ತ್ರಿ-ತಳಪದೆಯರ ಜೋಡಿ ಕಂಡ ಕನಸು ಅದೇ ಎರಡು ಊರುಗಳ ನಡುವೆ, ಬೇರೆ ಗಣಿತದಿಂದ, ನನಸಾಯಿತು.

ಮನೆಯಲ್ಲಿಯೇ ಕಟ್ಟುವ ಹುಚ್ಚು ಮುಂಬಯಿಯನ್ನು ಬಿಟ್ಟುಹೋಗಿಲ್ಲ. ಕಾಂದಿವಲಿಯ ಚಾರ್‌ಕೋಪಿನಲ್ಲಿ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಆಸನಗಳ ವಿಮಾನವೊಂದನ್ನು ಕಟ್ಟಿದರು. 2016ರ ಫೆಬ್ರವರಿಯಲ್ಲಿ ಅದನ್ನು ಕ್ರೇನಿನಿಂದ ಕೆಳಗಿಳಿಸಿ ಬಾಂದ್ರಾ-ಕುರ್ಲಾ ಸಂಕೀರ್ಣದ 'ಮೇಕ್ ಇನ್ ಇಂಡಿಯಾ' ಪ್ರದರ್ಶನಕ್ಕೆ ತಂದಿದ್ದರು. ಕಲೀನಾದ ಗದ್ದಲಕ್ಕೆ ಆಗ ವರ್ಷ ಕಳೆದಿತ್ತಷ್ಟೆ. ಎರಡು ಜಾಗಗಳ ನಡುವೆ ಕೆಲವೇ ನಿಮಿಷಗಳ ದಾರಿ. ಅಲ್ಲಿ ಶ್ಲೋಕ, ಇಲ್ಲಿ ಮೊಳೆಬಡಿದ ಲೋಹ. ಯಾದವರಿಗೆ ನೋಂದಣಿ ದೊರೆತದ್ದು 2017ರ ನವೆಂಬರಿನಲ್ಲಿ, ಹಾರಾಟದ ಅನುಮತಿ 2019ರ ಅಕ್ಟೋಬರಿನಲ್ಲಿ.

ಥರ್ಮೊಕೋಲಿನ ಸಣ್ಣ ವಿಮಾನಕ್ಕೂ ಈಗ ಕಾನೂನಿನ ಬೇಲಿಯಿದೆ. 2018ರ ನಿಯಮಗಳು ಮುಂಬಯಿ ವಿಮಾನನಿಲ್ದಾಣದ ಸರಹದ್ದಿನಿಂದ ಐದು ಕಿಲೋಮೀಟರಿನೊಳಗೆ ಇಂತಹವುಗಳ ಹಾರಾಟವನ್ನು ತಡೆದವು. ಬಾಂದ್ರಾದ ಬಹುಭಾಗ ಆ ವೃತ್ತದೊಳಗಿದೆ. 2021ರ ಡ್ರೋನ್ ನಿಯಮಗಳು ಹವ್ಯಾಸಿಗಳ ಮಾದರಿಗಳಿಗೆ ಹಲವು ಸಡಿಲಿಕೆ ನೀಡಿದರೂ ಕೆಂಪು ವಲಯ ಕೆಂಪಾಗಿಯೇ ಉಳಿಯಿತು. ಅದಲ್ಲದೆ ಡ್ರೋನ್, ರಿಮೋಟ್ ನಿಯಂತ್ರಿತ ಹಗುರ ವಿಮಾನಗಳನ್ನು ಹಾರಿಸಬಾರದೆಂಬ ಪೊಲೀಸ್ ಆಜ್ಞೆ ನಗರದಲ್ಲಿ ಆಗಾಗ ಹೊರಡುತ್ತಿರುತ್ತದೆ. ಹೀಗಾಗಿ ಬಾಂದ್ರಾದ ಕೋಣೆಯೊಂದರಲ್ಲಿ ಕಟ್ಟಿದ ವಿಮಾನ ಮೊದಲು ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ರೆಕ್ಕೆ ಉಳಿಸಿಕೊಂಡು ನಗರದ ಹೊರಗಿನ ಬಯಲು ಸೇರಬೇಕು. ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟುವ ಹಳೆಯ ಪದ್ಧತಿ ಈಗಲೂ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬೇಕು: ಬಿಚ್ಚಿ ಚೀಲದಲ್ಲಿಟ್ಟುಕೊಳ್ಳಬಹುದು, ನೆಲಕ್ಕೆ ಬಡಿದಾಗ ಮುರಿಯುವ ಬದಲು ಕಳಚಿಕೊಳ್ಳುತ್ತದೆ.