ಕುದುರೆಯ ಲೆಕ್ಕದಿಂದ ವ್ಯಾಟ್‌ವರೆಗೆ

ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಸಂಜೆ, ನಾಗಪುರದ ನಮ್ಮ ಸರಕಾರಿ ವಸತಿಗೃಹದಲ್ಲಿ ಹಿರಿಯ ಕನ್ನಡಿಗರೊಬ್ಬರು ತಾವು ಊರು ಬಿಟ್ಟು ಇಲ್ಲಿಗೆ ಬಂದ ಕಥೆಯನ್ನು ಹೇಳುತ್ತಿದ್ದರು. ನಾವು ಅದನ್ನು ಗಣಕಯಂತ್ರದಲ್ಲಿ ಬರೆದುಕೊಳ್ಳುತ್ತಿದ್ದೆವು. ಕರೆಂಟು ಹೋಯಿತು. ಮೇಜಿನ ಕೆಳಗಿದ್ದ ಹೊಸ ಯುಪಿಎಸ್ ಒಮ್ಮೆ ಕಿರುಚಿ ತಾನೂ ಆರಿಹೋಯಿತು. ಎರಡು ಗಂಟೆಗಳ ಬರಹ ಉಳಿಯಲಿಲ್ಲ. ಪೆಟ್ಟಿಗೆಯ ಮೇಲೆ 600 ವಿಎ ಎಂದಿತ್ತು. ಅದನ್ನು 600 ವ್ಯಾಟ್ ಎಂದೇ ಓದಿಕೊಂಡು ಲೇಸರ್ ಪ್ರಿಂಟರನ್ನೂ ಅದಕ್ಕೆ ಜೋಡಿಸಿದ್ದೆವು.

ಈ ಎರಡು ಅಳತೆಗಳು ಏಕೆ ಹುಟ್ಟಿದವೆಂಬುದಕ್ಕೆ ಇತಿಹಾಸವಿದೆ. ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರಗಳನ್ನು ಮಾರಬೇಕಾದದ್ದು ಕುದುರೆಗಳಿಂದ ಕೆಲಸ ನಡೆಸುತ್ತಿದ್ದವರಿಗೆ. ಆದ್ದರಿಂದ ನಿಮಿಷಕ್ಕೆ 33,000 ಪೌಂಡುಗಳನ್ನು ಒಂದು ಅಡಿ ಎತ್ತುವ ಸಾಮರ್ಥ್ಯವನ್ನು ಅವನು ಒಂದು ಅಶ್ವಶಕ್ತಿ ಎಂದು ಎಣಿಸಿದ. 1882ರಲ್ಲಿ ವಿಲಿಯಂ ಸೀಮೆನ್ಸ್ ವಿದ್ಯುತ್ತಿನ ಅಳತೆಗೆ ವ್ಯಾಟ್‌ನ ಹೆಸರನ್ನು ಸೂಚಿಸಿದ. ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವ್ಯಾಟ್.

ಕನ್ನಡನಾಡಿಗೆ ಈ ಲೆಕ್ಕ ಬೇಗನೆ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದವು. ಅಷ್ಟು ದೂರದ ಪಯಣಕ್ಕೆ ಒದಗಿದ್ದು ಪರ್ಯಾಯ ವಿದ್ಯುತ್ತು. ಅದರಲ್ಲಿ ವೋಲ್ಟೇಜು ಮತ್ತು ಪ್ರವಾಹಗಳು ಸದಾ ಜೊತೆಯಾಗಿ ಏರಿಳಿಯುವುದಿಲ್ಲ. ಮೋಟಾರಿನಲ್ಲಿ ಪ್ರವಾಹ ಹಿಂದೆ ಬೀಳುತ್ತದೆ. ಗಣಕಯಂತ್ರವಾದರೋ ಅದನ್ನು ತುಣುಕುತುಣುಕಾಗಿ ಎಳೆದುಕೊಳ್ಳಬಹುದು. ಹೀಗಾಗಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದಾಗ ಬರುವ ವಿಎ ಒಂದು, ನಿಜವಾಗಿ ಕೆಲಸಕ್ಕೆ ಬರುವ ವ್ಯಾಟ್ ಇನ್ನೊಂದು. ಇವೆರಡರ ಅನುಪಾತವೇ ಪವರ್ ಫ್ಯಾಕ್ಟರ್.

ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಈ ಅನುಪಾತ ಹಲವು ಬಾರಿ 0.6 ಮಾತ್ರ. 600 ವಿಎ ಪೆಟ್ಟಿಗೆ ಹೊರುವ ಭಾರ ಆಗ 360 ವ್ಯಾಟ್. ಲೇಸರ್ ಪ್ರಿಂಟರು ಬಿಸಿಯೇರುವ ಕ್ಷಣದಲ್ಲಿ ಅದೊಂದೇ ಈ ಮಿತಿಯನ್ನು ದಾಟಬಲ್ಲದು. ಇನ್ನು, ಎಷ್ಟು ಹೊತ್ತು ಹೊರುತ್ತದೆ ಎಂಬುದನ್ನು ಬ್ಯಾಟರಿ ಹೇಳಬೇಕು. 12 ವೋಲ್ಟ್, 7 ಆಂಪಿಯರ್-ಅವರ್ ಎಂದರೆ 84 ವ್ಯಾಟ್-ಅವರ್; 150 ವ್ಯಾಟಿನ ಗಣಕಯಂತ್ರಕ್ಕೆ ಕಾಗದದ ಮೇಲೆ ಅರ್ಧ ಗಂಟೆ. ವೇಗವಾಗಿ ಬರಿದಾಗುವ ಬ್ಯಾಟರಿ ಅಷ್ಟನ್ನು ಕೊಡುವುದಿಲ್ಲ. ಅದರ ಅರ್ಧದಷ್ಟು ದೊರೆತರೂ ಸಾಕೆಂದುಕೊಳ್ಳಬೇಕು.

ನಾಗಪುರದಲ್ಲಿ ಬಿಸಿಲಿನ ಲೆಕ್ಕವೂ ಸೇರುತ್ತದೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧವಾಗುತ್ತದೆ; ಇಲ್ಲಿಯ ಬೇಸಿಗೆ 45 ಡಿಗ್ರಿ ಮುಟ್ಟುತ್ತದೆ. ನಗರದ ಪಕ್ಕದಲ್ಲೇ ಕೊರಾಡಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದ್ದರೂ ನಮ್ಮ ಮೇಜಿನ ಕೆಳಗಿನ ಪೆಟ್ಟಿಗೆಯ ಅಗತ್ಯ ತಪ್ಪಿಲ್ಲ. ಆದುದರಿಂದ ಕೊಳ್ಳುವಾಗ ದಪ್ಪಕ್ಷರದ ವಿಎ ಬಿಟ್ಟು ಸಣ್ಣಕ್ಷರದ ವ್ಯಾಟ್ ನೋಡಬೇಕು. ನಮ್ಮ ಭಾರ ಅದರ ಮುಕ್ಕಾಲು ಪಾಲನ್ನು ಮೀರದಂತಿದ್ದರೆ ಒಳ್ಳೆಯದು.

ಹಿರಿಯರು ಮುಂದಿನ ಭಾನುವಾರ ಮತ್ತೆ ಬಂದು, ಬೇಸರವಿಲ್ಲದೆ, ಎಲ್ಲವನ್ನೂ ಹೇಳಿದರು. ಆದರೆ ಇಟಾರಸಿಯಲ್ಲಿ ರೈಲು ತಪ್ಪಿಸಿಕೊಂಡ ರಾತ್ರಿಯ ಪ್ರಸಂಗ ಈ ಸಲ ಎರಡೇ ವಾಕ್ಯಗಳಲ್ಲಿ ಮುಗಿಯಿತು. ಇನ್ನಷ್ಟು ಕೇಳಲು ನಮಗೆ ಸಂಕೋಚವಾಯಿತು. ನಮ್ಮ ಕಡತದಲ್ಲಿ ಇಂದಿಗೂ ಅವೆರಡೇ ವಾಕ್ಯಗಳಿವೆ.