ಕಾರಿನ ಮೂತಿಯಿಂದ ಇಳಿಬಿದ್ದ ತಂತಿ

ನಾನು ವಿನಿಪೆಗ್ಗಿಗೆ ಬಂದಿಳಿದದ್ದು 1974ರ ನವೆಂಬರಿನಲ್ಲಿ. ಕರೆದೊಯ್ಯಲು ಬಂದಿದ್ದ ಮಿತ್ರರ ಮನೆಯ ಹಿಂದೆ ಏಳೆಂಟು ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೂತಿಯಿಂದಲೂ ಒಂದು ಕರಿಯ ತಂತಿ, ಅದರ ತುದಿಯಲ್ಲಿ ಮೂರು ಕಡ್ಡಿಯ ಪ್ಲಗ್ಗು. ಕಟ್ಟಿಹಾಕಿದ ಎಮ್ಮೆಗಳ ಮೂಗುದಾರದಂತೆ ಅವೆಲ್ಲ ಒಂದು ಮರದ ಬೇಲಿಗೆ ಸಿಕ್ಕಿಸಲ್ಪಟ್ಟಿದ್ದವು. "ಇಲ್ಲಿ ಕಾರುಗಳೆಲ್ಲ ಕರೆಂಟಿನ ಮೇಲೆ ಓಡುತ್ತವೆಯೇ?" ಎಂದು ಕೇಳಿ ನಗೆಪಾಟಲಿಗೆ ಈಡಾದೆ. ಇದೇ ಪ್ರಶ್ನೆಯನ್ನು ಕೇಳದೆ ಈ ಊರಿಗೆ ಬಂದವರು ನಮ್ಮ ಸಂಘದಲ್ಲಿ ಯಾರಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ.

ಅದು ಎಂಜಿನ್ನನ್ನು ಬೆಚ್ಚಗಿಡುವ ಬ್ಲಾಕ್ ಹೀಟರ್ ಎಂದು ಮಿತ್ರರು ವಿವರಿಸಿದರು. ಬೆಂಗಳೂರಿನಲ್ಲಿ ಬಕೆಟ್ಟಿನ ನೀರಿಗೆ ಇಳಿಬಿಟ್ಟು ಸ್ನಾನಕ್ಕೆ ಕಾಯಿಸುತ್ತೇವಲ್ಲ, ಆ ಕಾಯಿಲ್ಲಿನ ತಮ್ಮನೇ ಇದು. ಎಂಜಿನ್ನಿನ ಎರಕದ ಮೈಯೊಳಗೆ ಸುತ್ತಾಡುವ ದ್ರವದಲ್ಲಿ ಮುಳುಗಿ ಕುಳಿತಿರುತ್ತದೆ. ಈ ಸಂಗತಿಯನ್ನು ನಾನು ಊರಿಗೆ ಬರೆದಾಗ ನಮ್ಮ ತಾಯಿಯವರು ಪತ್ರದ ಮಡಿಕೆಯ ಮೇಲೆ ಉತ್ತರ ಬರೆದಿದ್ದರು: "ಆ ದೇಶದಲ್ಲಿ ಮನೆಯವರ ಸ್ನಾನಕ್ಕೆ ಮೊದಲು ಕಾರಿನ ಹಂಡೆಗೆ ಉರಿ ಹಾಕಬೇಕೇನಪ್ಪಾ?"

ಹಾಕಲೇಬೇಕು. ಏಕೆಂಬುದನ್ನು ತಿಳಿಯಲು ಊರಿನ ಕೊಬ್ಬರಿ ಎಣ್ಣೆಯ ಸೀಸೆಯನ್ನು ನೆನಪು ಮಾಡಿಕೊಂಡರೆ ಸಾಕು. ಧನುರ್ಮಾಸದ ಬೆಳಗ್ಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ, ಸೀಸೆಯನ್ನು ಬಚ್ಚಲ ಒಲೆಯ ಪಕ್ಕ ಇಟ್ಟ ಮೇಲೆಯೇ ತಲೆಗೆ ಸಿಕ್ಕುತ್ತಿತ್ತು. ಇಲ್ಲಿ ಮೈನಸ್ ಮೂವತ್ತರಲ್ಲಿ ಎಂಜಿನ್ ಎಣ್ಣೆಯ ಪಾಡೂ ಹೆಚ್ಚು ಕಡಿಮೆ ಅದೇ. ಗಟ್ಟಿಯಾಗದಿದ್ದರೂ ಜೋನಿಬೆಲ್ಲದಂತಾಗುತ್ತದೆ. ಅದನ್ನು ಕಲಕಿ ಎಂಜಿನ್ನನ್ನು ತಿರುಗಿಸಲು ಎಂದಿಗಿಂತ ಹೆಚ್ಚು ಬಲ ಬೇಕು. ಬಲ ಕೊಡಬೇಕಾದ ಬ್ಯಾಟರಿಯೋ, ಮೈನಸ್ ಹದಿನೆಂಟಕ್ಕೆ ಇಳಿಯುವಷ್ಟರಲ್ಲೇ ತನ್ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಸಾಲದ್ದಕ್ಕೆ ಅಷ್ಟು ಚಳಿಯಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗದೆ ಕಿಡಿಗೆ ಹತ್ತುವುದಿಲ್ಲ. ಬೇಕಾದದ್ದು ಹೆಚ್ಚುವ ಹೊತ್ತಿಗೇ ಕೈಯಲ್ಲಿರುವುದು ಕಡಿಮೆಯಾಗುವ ಈ ಲೆಕ್ಕ ನಮ್ಮಂಥ ಸಂಬಳದಾರರಿಗೆ ಹೊಸದೇನಲ್ಲ.

ಹೀಟರ್ ಬರುವ ಮೊದಲು ಇಲ್ಲಿನ ಜನ ಏನು ಮಾಡುತ್ತಿದ್ದರು? ಬಹಳ ರೈತರು ಏನನ್ನೂ ಮಾಡುತ್ತಿರಲಿಲ್ಲ. ನವೆಂಬರಿನಲ್ಲಿ ತಮ್ಮ ಮಾಡೆಲ್ ಟಿ ಫೋರ್ಡನ್ನು ಕೊಟ್ಟಿಗೆಗೆ ತಳ್ಳಿ, ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ವಸಂತದವರೆಗೆ ಕುದುರೆಯ ಜಾರುಗಾಡಿಗೆ ಮರಳುತ್ತಿದ್ದರು. ಕಾರು ಬೇಕೇ ಬೇಕೆಂದವರ ಪಾಡು ಬೇರೆ. ರಾತ್ರಿ ರೇಡಿಯೇಟರಿನ ನೀರನ್ನೆಲ್ಲ ಬಸಿಯಬೇಕು, ಇಲ್ಲವಾದರೆ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಎರಕದ ಕಬ್ಬಿಣವನ್ನೇ ಸೀಳಿಬಿಡುತ್ತಿತ್ತು. ಎಣ್ಣೆಯನ್ನೂ ಬಸಿದು ಡಬ್ಬಿಯಲ್ಲಿ ಒಳಗೆ ತಂದು ಒಲೆಯ ಪಕ್ಕ ಇಡುವವರಿದ್ದರು. ಬೆಳಗ್ಗೆ ಕುದಿಯುವ ನೀರು ತಂದು ಹೊಯ್ಯಬೇಕು, ಎಂಜಿನ್ನಿನ ಕೆಳಗೆ ಕೆಂಡದ ಬಾಣಲಿ ಸರಿಸಬೇಕು. ಇಷ್ಟಾದರೂ ಮಾಡೆಲ್ ಟಿಯಲ್ಲಿ ಇನ್ನೊಂದು ಪೇಚು ಇತ್ತು. ಅದರ ಗೇರಿನೊಳಗಿನ ಎಣ್ಣೆ ಅಂಟಾಗಿ, ಮುಂದೆ ನಿಂತು ಹ್ಯಾಂಡಲ್ ತಿರುಗಿಸುವವನ ಮೇಲೆಯೇ ಕಾರು ಹರಿದು ಬರುವ ಸಂಭವವಿತ್ತು. ಆದ್ದರಿಂದ ಅನುಭವಸ್ಥರು ಹಿಂದಿನ ಒಂದು ಚಕ್ರವನ್ನು ಜಾಕಿನ ಮೇಲೆತ್ತಿ ಆಮೇಲೆ ಹ್ಯಾಂಡಲ್ ಹಿಡಿಯುತ್ತಿದ್ದರು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನು ಅಳವಡಿಸಿದ ಮೇಲೆ ಹ್ಯಾಂಡಲಿನ ಕಾಲ ಕ್ರಮೇಣ ಮುಗಿಯಿತು ಎನ್ನುತ್ತಾರೆ. ಬೇಸಿಗೆಯ ಮಟ್ಟಿಗೆ ನಿಜ. 1920ರ ದಶಕದ ಕೊನೆಗೆ ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಗ್ಲೈಕಾಲ್ ದ್ರವ ಬಂದು ರೇಡಿಯೇಟರಿನ ಕಾಟ ತಪ್ಪಿತು. ಎಣ್ಣೆ ಬ್ಯಾಟರಿಗಳ ಕಾಟ ಹಾಗೇ ಉಳಿಯಿತು.

ವಿಮಾನದವರ ಪಾಡು ಇನ್ನೂ ಕಷ್ಟ. ಕೆನಡಾದ ಉತ್ತರದ ಕಾಡುಗಳ ಮೇಲೆ ಹಾರುತ್ತಿದ್ದವರು ಸಂಜೆ ಇಳಿದ ಕೂಡಲೇ ಎಣ್ಣೆ ಬಸಿದು ಗುಡಿಸಿಲೊಳಗೆ ಕೊಂಡೊಯ್ಯುತ್ತಿದ್ದರು. ಬೆಳಗಿನ ಜಾವ ಎಂಜಿನ್ನಿನ ಮೇಲೆ ದಪ್ಪ ಕ್ಯಾನ್ವಾಸ್ ಹೊದಿಸಿ, ಅದರೊಳಗೆ ಉರಿಯುವ ಸ್ಟೌವಿನೊಂದಿಗೆ ತಾವೂ ಕುಳಿತು ಗಂಟೆಗಟ್ಟಲೆ ಕಾಯುತ್ತಿದ್ದರು. ಎಲ್ಲಿ ಬಟ್ಟೆಗೆ ಬೆಂಕಿ ತಾಗೀತೋ ಎಂದು ಕಣ್ಣು ಮುಚ್ಚುವಂತಿರಲಿಲ್ಲ. 1929ರ ಜನವರಿ ಮೊದಲ ವಾರದಲ್ಲಿ ವಾಪ್ ಮೇ ಮತ್ತು ವಿಕ್ ಹಾರ್ನರ್ ಎಂಬಿಬ್ಬರು ಎಡ್ಮಂಟನ್ನಿನಿಂದ ಫೋರ್ಟ್ ವರ್ಮಿಲಿಯನ್ನಿಗೆ, ಮೇಲೆ ಮುಚ್ಚಳವೇ ಇಲ್ಲದ ಸಣ್ಣ ವಿಮಾನದಲ್ಲಿ, ಗಂಟಲಮಾರಿ ರೋಗಕ್ಕೆ ಔಷಧ ಕೊಂಡೊಯ್ದರು. ಔಷಧ ಹೆಪ್ಪುಗಟ್ಟದಿರಲೆಂದು ಕಾಲ ಬಳಿ ಇದ್ದಲಿನ ಪುಟ್ಟ ಅಗ್ಗಿಷ್ಟಿಕೆ ಇಟ್ಟುಕೊಂಡಿದ್ದರು. ಬೆಚ್ಚಗಿರಿಸುವುದೆಂದರೆ ಆಗ ಬೆಂಕಿ ಒಂದೇ.

ಹಾಗಾದರೆ ಕರೆಂಟು ಎಲ್ಲಿ ಹೋಗಿತ್ತು? ಈ ಕತೆಯ ತಿರುಳು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಎಂಜಿನ್ನನ್ನು ಕರೆಂಟಿನಿಂದ ಕಾಯಿಸಲು ಮಹಾ ಬುದ್ಧಿಯೇನೂ ಬೇಕಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು. ಆದರೆ ಹೊರಗೆ ಚಳಿಯಲ್ಲಿ ನಿಲ್ಲುವ ಕಾರು ಇದ್ದದ್ದು ಹಳ್ಳಿಯಲ್ಲಿ, ಕರೆಂಟು ಇದ್ದದ್ದು ಪಟ್ಟಣದಲ್ಲಿ. 1935ರಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತು. ಉತ್ತರದ ನಾರ್ತ್ ಡಕೋಟದಲ್ಲಿ ಅಷ್ಟೂ ಇರಲಿಲ್ಲ. ಮೈಲಿಗೊಂದು ಮನೆ ಇರುವಲ್ಲಿ ಕಂಬ ನೆಟ್ಟರೆ ಲಾಭವಿಲ್ಲವೆಂದು ಖಾಸಗಿ ಕಂಪೆನಿಗಳು ಆ ಕಡೆ ತಲೆ ಹಾಕಿರಲಿಲ್ಲ. ನಮ್ಮವರಿಗೆ ಇದು ಅರ್ಥವಾಗದ ಮಾತಲ್ಲ. 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ಎಷ್ಟೋ ಹಳ್ಳಿಗಳ ತಲೆಯ ಮೇಲೆ ಹಾದು ಕೋಲಾರದ ಚಿನ್ನದ ಗಣಿ ಸೇರಿತು. ಕೆಳಗಿನ ಮನೆಗಳಲ್ಲಿ ಅದಾದ ಮೇಲೂ ದಶಕಗಟ್ಟಲೆ ಸೀಮೆ ಎಣ್ಣೆಯ ಬುಡ್ಡಿಯೇ ಉರಿಯುತ್ತಿತ್ತು.

ಅಧ್ಯಕ್ಷ ರೂಸ್‌ವೆಲ್ಟ್ 1935ರ ಮೇ ತಿಂಗಳಲ್ಲಿ ಗ್ರಾಮೀಣ ವಿದ್ಯುದೀಕರಣ ಇಲಾಖೆಯೊಂದನ್ನು ಸ್ಥಾಪಿಸಿದರು. ರೈತರು ತಾವೇ ಸಹಕಾರ ಸಂಘ ಕಟ್ಟಿಕೊಂಡು, ಸರಕಾರದಿಂದ ಕಡಿಮೆ ಬಡ್ಡಿಯ ಸಾಲ ಪಡೆದು, ಕಂಬ ನೆಟ್ಟು ತಂತಿ ಎಳೆದುಕೊಂಡರು. ಇಪ್ಪತ್ತು ವರ್ಷದೊಳಗೆ ಹತ್ತರಲ್ಲಿ ಒಂಬತ್ತು ಮನೆಗೆ ದೀಪ ಬಂತು. ಹಾಗೆ ಹುಟ್ಟಿದ ಸಂಸ್ಥೆಗಳಲ್ಲಿ 1940ರಲ್ಲಿ ಸ್ಥಾಪಿತವಾದ ಮಿನ್‌ಕೋಟ ವಿದ್ಯುತ್ ಸಹಕಾರ ಸಂಘವೂ ಒಂದು. ಅದರ ಕಚೇರಿ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ. ನಮ್ಮ ಊರಿನ ರೆಡ್ ನದಿಯ ದಂಡೆಯಲ್ಲೇ ಗಡಿ ದಾಟಿ ದಕ್ಷಿಣಕ್ಕೆ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಮಿನಿಯಾಪೊಲಿಸ್ಸಿಗೆ ಹೋಗುವಾಗ ನಾವೆಲ್ಲ ಕಾಫಿಗೆಂದು ನಿಲ್ಲುವ ಅದೇ ಊರು. ಆ ಸಂಘದ ಮೊದಲ ವ್ಯವಸ್ಥಾಪಕರು ಆಂಡ್ರ್ಯೂ ಫ್ರೀಮನ್ ಎಂಬ ಎಂಜಿನಿಯರು.

ಫ್ರೀಮನ್ ಮಾಡಿದ ಮೊದಲ ಹೀಟರಿನ ಸಾಮಗ್ರಿ ಇಷ್ಟೇ: ಗುಜರಿಯ ತಾಮ್ರದ ಕೊಳವೆಯ ತುಂಡು, ಹಳೆಯ ಇಸ್ತ್ರಿ ಪೆಟ್ಟಿಗೆಯ ಒಳಗಿನ ಕಾಯುವ ತಂತಿ. ಎಂಜಿನ್ನಿನ ಮೇಲ್ಭಾಗವನ್ನು ಅದರ ಮೈಗೆ ಬಿಗಿಯುವ ಬೋಲ್ಟುಗಳುಂಟಷ್ಟೆ, ಅವುಗಳಲ್ಲಿ ಒಂದನ್ನು ಬಿಚ್ಚಿ ತೆಗೆದು, ಆ ಜಾಗದಲ್ಲಿ ಒಳಗೆ ಟೊಳ್ಳಾದ, ಕಾಯುವ ತಂತಿ ತುಂಬಿದ ಬೋಲ್ಟನ್ನು ತಿರುಗಿಸಿ ಕೂರಿಸಿದರು. ಬಿಗಿಯುವ ಕೆಲಸವನ್ನೂ ಅದೇ ಮಾಡುತ್ತದೆ, ಕಾಯಿಸುವ ಕೆಲಸವನ್ನೂ ಅದೇ ಮಾಡುತ್ತದೆ. ತೂತು ಕೊರೆಯಬೇಕಿಲ್ಲ, ಪೈಪು ಜೋಡಿಸಬೇಕಿಲ್ಲ, ಸ್ಪ್ಯಾನರ್ ಹಿಡಿಯಬಲ್ಲ ರೈತ ತಾನೇ ಹಾಕಿಕೊಳ್ಳಬಹುದು. 1949ರ ನವೆಂಬರ್ 8ರಂದು ಇದಕ್ಕೆ ಅಮೆರಿಕದ ಪೇಟೆಂಟು ದೊರೆಯಿತು. ನದಿಯಾಚೆಯ ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್‌ನ ಕಾರ್ಖಾನೆಯಲ್ಲಿ ತಯಾರಿಕೆ ನಡೆಯಿತು. ಎಂಜಿನ್ ಕಾಯಿಸುವ ಬೇರೆ ಬೇರೆ ಸಾಧನಗಳು ಇದಕ್ಕೆ ಮೊದಲೂ ಇದ್ದವು, ಆದರೆ ಬಡ ರೈತನ ಕೊಟ್ಟಿಗೆಗೆ ನಿಲುಕಿದ್ದು ಇದು. ಕಂಬ ನೆಟ್ಟು ಹಳ್ಳಿಗೆ ಕರೆಂಟು ಕೊಟ್ಟ ಮನುಷ್ಯನಿಗೇ ಆ ಕರೆಂಟಿನಿಂದ ಇನ್ನೇನು ಮಾಡಬಹುದೆಂದು ಹೊಳೆದದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಗಡಿಯ ಈಚೆಯೂ ಕತೆ ಅದೇ. ಯೂಕಾನಿನ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರವರಿ 3ರಂದು ಮೈನಸ್ 63 ಡಿಗ್ರಿ ದಾಖಲಾಯಿತು. ಅಂಥ ದೇಶದಲ್ಲಿ ಹಳ್ಳಿಗೆ ತಂತಿ ಬಂದದ್ದು ಮಾತ್ರ ಮಹಾಯುದ್ಧದ ನಂತರ. ನೆರೆಯ ಸಸ್ಕಾಚೆವಾನಿನ ಗ್ರಾಮೀಣ ವಿದ್ಯುದೀಕರಣ ಶಾಸನದ ವರ್ಷವೂ ಫ್ರೀಮನ್ನರ ಪೇಟೆಂಟಿನ ವರ್ಷವೂ ಒಂದೇ, 1949.

ಎಂಜಿನ್ನುಗಳ ವಿನ್ಯಾಸ ಬದಲಾದಂತೆ ಬೋಲ್ಟಿನ ಹೀಟರು ಹಿಂದೆ ಸರಿಯಿತು. ಈಗಿನದು ಸಾಮಾನ್ಯವಾಗಿ ಕೂರುವುದು ಫ್ರಾಸ್ಟ್ ಪ್ಲಗ್ ಎಂಬ ಬಿಲ್ಲೆಯ ಜಾಗದಲ್ಲಿ. ಎಂಜಿನ್ ಎರಕ ಹೊಯ್ಯುವಾಗ ಒಳಗಿನ ಮರಳನ್ನು ಹೊರತೆಗೆಯಲು ಬಿಟ್ಟ ತೂತುಗಳಿಗೆ ಹಾಕಿದ ಮುಚ್ಚಳ ಅದು. ನೀರು ಹೆಪ್ಪುಗಟ್ಟಿದಾಗ ಹಾರಿಹೋಗಿ ಎಂಜಿನ್ನನ್ನು ಉಳಿಸಲೆಂದೇ ಇಟ್ಟಿದ್ದಾರೆಂಬುದು ಗ್ಯಾರೇಜುಗಳ ಪುರಾಣ. ಆದರೂ ಡಕೋಟ, ಮಿನೆಸೋಟದ ಹಳಬರು ಎಲ್ಲ ಬಗೆಯ ಹೀಟರನ್ನೂ 'ಹೆಡ್‌ಬೋಲ್ಟ್ ಹೀಟರ್' ಎಂದೇ ಕರೆಯುತ್ತಾರೆ.

ಇದೆಲ್ಲ ನನಗೆ ಪುಸ್ತಕದ ಮಾತಾಗಿ ಉಳಿಯದೆ ಹೋದದ್ದು 1979ರ ಜನವರಿಯ ಒಂದು ರಾತ್ರಿ. ನನ್ನಾಕೆಗೆ ದಿನ ತುಂಬಿತ್ತು. ಹೊರಗೆ ಮೈನಸ್ ಮೂವತ್ತರ ಆಚೆ. ಸಂಜೆಯೇ ಕಾರಿನ ಪ್ಲಗ್ ಸಿಕ್ಕಿಸಿ ನಿಶ್ಚಿಂತೆಯಿಂದ ಮಲಗಿದ್ದೆ. ಎರಡು ಗಂಟೆಗೆ ನೋವು ಶುರುವಾಯಿತು. ಓಡಿಹೋಗಿ ಕೀ ತಿರುಗಿಸಿದರೆ ಒಂದು ನರಳಾಟ, ಆಮೇಲೆ ಅದೂ ಇಲ್ಲ. ನಾವಿದ್ದ ವಠಾರದ ಆ ಕಂಬದ ಫ್ಯೂಸು ಯಾವಾಗಲೋ ಹೋಗಿತ್ತು. ಪ್ಲಗ್ ಇತ್ತು, ಕರೆಂಟಿರಲಿಲ್ಲ. ಪಕ್ಕದ ಮನೆಯಲ್ಲಿ ಯುಕ್ರೇನ್ ಮೂಲದ ಹಿರಿಯರೊಬ್ಬರಿದ್ದರು. ಬಾಗಿಲು ತಟ್ಟಿದೆ. ಪೈಜಾಮದ ಮೇಲೆ ಕೋಟು ಹಾಕಿಕೊಂಡೇ ಬಂದರು. ಅವರ ಕಾರು ಒಂದೇ ಏಟಿಗೆ ಹೊರಟಿತು.

ಮಗಳು ಹುಟ್ಟಿದ ಮೇಲೆ ಬೆಳಗಿನ ಜಾವ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವರು ಮಾತಾಡಿದರು. ಅವರ ಬಾಲ್ಯ ಉತ್ತರದ ಕಡೆಯ ಒಂದು ಹೊಲಮನೆಯಲ್ಲಿ. ಅವರಿಗೆ ಎಂಟು ವರ್ಷವಿದ್ದಾಗ ಇಂಥದೇ ರಾತ್ರಿ ತಾಯಿಗೆ ನೋವು ಬಂತು. ಮನೆಯಲ್ಲಿ ಫೋರ್ಡ್ ಕಾರಿತ್ತು, ಕೊಟ್ಟಿಗೆಯಲ್ಲಿ ದಿಮ್ಮಿಗಳ ಮೇಲೆ. ತಂದೆ ಕುದುರೆ ಹೂಡಿ ಒಂಬತ್ತು ಮೈಲಿ ಹೋಗಿ ಸೂಲಗಿತ್ತಿಯನ್ನು ಕರೆತರುವ ಹೊತ್ತಿಗೆ ಬೆಳಗಾಗಿತ್ತು. ತಾಯಿ ಉಳಿದರು, ಮಗು ಉಳಿಯಲಿಲ್ಲ. ಇಷ್ಟನ್ನು ಹೇಳಿ ಅವರು ಸುಮ್ಮನಾದರು. ಅವರು ದಿನವೂ ಊಟಕ್ಕೆ ಮೊದಲು ಹೊರಗೆ ಹೋಗಿ, ಕೈಗವಸು ತೆಗೆದು, ಪ್ಲಗ್ಗನ್ನು ಮುಟ್ಟಿ ನೋಡಿ ಬರುವುದನ್ನು ನಾನು ಕಿಟಕಿಯಿಂದ ಕಂಡು ಎಷ್ಟೋ ಸಲ ನಕ್ಕಿದ್ದೆ.

ಹೊಸದಾಗಿ ಬಂದ ಕುಟುಂಬಗಳಿಗೆಂದು ಎರಡು ಮಾತು. ರಾತ್ರಿಯಿಡೀ ಹೀಟರ್ ಉರಿಸಬೇಕಿಲ್ಲ. ಹೊರಡುವುದಕ್ಕೆ ಎರಡು ಗಂಟೆ ಮೊದಲು ಹತ್ತಿಕೊಳ್ಳುವಂತೆ ಟೈಮರ್ ಹಾಕಿ ಎಂದು ಕೆನಡಾ ಸರಕಾರದ ಇಂಧನ ಇಲಾಖೆಯೇ ಹೇಳುತ್ತದೆ. ಮೈನಸ್ ಇಪ್ಪತ್ತರಲ್ಲಿ ಪೆಟ್ರೋಲು ಶೇಕಡ 10ರವರೆಗೂ ಉಳಿಯಬಹುದೆಂಬ ಲೆಕ್ಕವನ್ನೂ ಅದು ಕೊಟ್ಟಿದೆ. ತಣ್ಣಗಿನ ಎಂಜಿನ್ ಹೊಗೆಯನ್ನೂ ಹೆಚ್ಚು ಉಗುಳುತ್ತದೆ. ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ಚಳಿಗಾಲದ ಗಾಳಿ ಕಾರ್ಬನ್ ಮಾನಾಕ್ಸೈಡಿನಿಂದ ಕೆಟ್ಟಾಗ, ಕಾರು ನಿಲ್ಲಿಸುವ ಜಾಗಗಳಲ್ಲಿ ಪ್ಲಗ್ ಒದಗಿಸುವುದೇ ಅಲ್ಲಿ ಒಂದು ಪರಿಹಾರವಾಯಿತು. ಕೆಲವು ಕಚೇರಿಗಳ ಕಂಬಗಳಲ್ಲಿ ಕರೆಂಟು ಸ್ವಲ್ಪ ಹೊತ್ತು ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅದು ಉಳಿತಾಯಕ್ಕೆ, ಕೆಟ್ಟಿದೆಯೆಂದು ದೂರು ಕೊಡಬೇಡಿ. ನಾನು ಕೊಟ್ಟಿದ್ದೆ. ಇನ್ನು ತಂತಿಯನ್ನು ಬಿಚ್ಚದೆ ಕಾರು ಹೊರಡಿಸಿದವರ ಪಟ್ಟಿ ಬರೆದರೆ ಈ ಸಂಚಿಕೆ ಸಾಲದು.

ಈಗಿನ ಎಂಜಿನ್ನುಗಳು, ತೆಳು ಎಣ್ಣೆಗಳು ಎಷ್ಟೋ ವಾಸಿ. ಮೈನಸ್ ಇಪ್ಪತ್ತರಲ್ಲಿ ಪ್ಲಗ್ ಇಲ್ಲದೆಯೂ ಹೊರಡುತ್ತವೆ. ಆ ರಾತ್ರಿ ಹುಟ್ಟಿದ ಮಗಳು ಹೋದ ವರ್ಷ ಬ್ಯಾಟರಿಯ ಕಾರು ಕೊಂಡಿದ್ದಾಳೆ. ನಾನು ಐವತ್ತು ವರ್ಷದ ಹಿಂದೆ ಕೇಳಿದ ಪ್ರಶ್ನೆ ಈಗ ದಡ್ಡ ಪ್ರಶ್ನೆಯಾಗಿ ಉಳಿದಿಲ್ಲ.

ಮರೆಯುವ ಮುನ್ನ: ಸಂಕ್ರಾಂತಿ ಸಮಾರಂಭದ ಸಭಾಂಗಣದ ಹಿಂದೆ ಪ್ಲಗ್ ಇರುವ ಕಂಬಗಳು ಹನ್ನೆರಡು ಮಾತ್ರ. ಬ್ರ್ಯಾಂಡನ್, ಥಾಂಪ್ಸನ್ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬರುವವರಿಗೆ ಅವನ್ನು ಬಿಟ್ಟುಕೊಡಿ. ಊರೊಳಗಿನವರು ಬೀದಿಯಲ್ಲಿ ನಿಲ್ಲಿಸಬಹುದು. ಉದ್ದದ ತಂತಿ ನನ್ನ ಡಿಕ್ಕಿಯಲ್ಲಿ ಎರಡು ಇರುತ್ತವೆ.